ಗ್ಯಾರಿ ಕಿಲ್ಡಾಲ್

ಗ್ಯಾರಿ ಆರ್ಲೆನ್ ಕಿಲ್ಡಾಲ್ (ಮೇ 19, 1942 – ಜುಲೈ 11, 1994) ಅಮೆರಿಕದ ಗಣಕ ವಿಜ್ಞಾನಿ, ಅಧ್ಯಾಪಕ ಮತ್ತು ಉದ್ಯಮಿ. ಮೈಕ್ರೋಪ್ರೊಸೆಸರ್ ಆಧಾರಿತ ಸಣ್ಣ ಗಣಕಯಂತ್ರಗಳಿಗಾಗಿ 1974ರಲ್ಲಿ ಅವರು ರಚಿಸಿದ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯು ವೈಯಕ್ತಿಕ ಗಣಕಗಳ ಮೊದಲ ದಶಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿತ್ತು. ಪತ್ನಿ ಡೊರೊತಿ ಮ್ಯಾಕ್‌ಯುವನ್ ಅವರೊಡನೆ ಅವರು ಡಿಜಿಟಲ್ ರಿಸರ್ಚ್ ಸಂಸ್ಥೆಯನ್ನು ಸ್ಥಾಪಿಸಿದರು. ಒಂದೇ ಕಾರ್ಯಾಚರಣ ವ್ಯವಸ್ಥೆಯನ್ನು ಬೇರೆ ಬೇರೆ ತಯಾರಕರ ಯಂತ್ರಗಳಲ್ಲಿ ನಡೆಸಲು ಅನುವು ಮಾಡಿಕೊಟ್ಟ ಬಯೋಸ್ ಎಂಬ ಪರಿಕಲ್ಪನೆಯನ್ನೂ, ಆ ಹೆಸರನ್ನೂ ಬಳಕೆಗೆ ತಂದವರು ಅವರೇ.

ಕಾರ್ಯಾಚರಣ ವ್ಯವಸ್ಥೆಗಳ ಮೆಮೊರಿ ಮಿತಿಯ ಬಗ್ಗೆ ಪ್ರಚಲಿತವಾಗಿರುವ ಹಲವು ತಪ್ಪು ಕಲ್ಪನೆಗಳು ಕಿಲ್ಡಾಲ್ ಅವರ ವೃತ್ತಿಜೀವನದೊಂದಿಗೆ ಹೆಣೆದುಕೊಂಡಿವೆ. ಸಿಪಿ/ಎಂನ 64 ಕಿಲೋಬೈಟ್ ಮಿತಿ ಮತ್ತು ಡಾಸ್‌ನ 640 ಕಿಲೋಬೈಟ್ ಮಿತಿ ಎಂದು ಕರೆಯಲಾಗುವ ಎರಡೂ ಮಿತಿಗಳು ಮೂಲತಃ ಆ ತಂತ್ರಾಂಶಗಳು ವಿಧಿಸಿದವುಗಳಲ್ಲ. ಮೊದಲನೆಯದು ಪ್ರೊಸೆಸರಿನ ವಿಳಾಸ ಸಾಮರ್ಥ್ಯದಿಂದಲೂ, ಎರಡನೆಯದು ಒಂದು ನಿರ್ದಿಷ್ಟ ಯಂತ್ರದ ವಿನ್ಯಾಸದಿಂದಲೂ ಉಂಟಾದವು.

ಆರಂಭಿಕ ಜೀವನ ಮತ್ತು ಶಿಕ್ಷಣ

ಕಿಲ್ಡಾಲ್ ಅವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ ಜನಿಸಿದರು. ಅವರ ಕುಟುಂಬವು ನಾವಿಕರಿಗೆ ನೌಕಾಯಾನ ವಿದ್ಯೆಯನ್ನು ಕಲಿಸುವ ಶಾಲೆಯೊಂದನ್ನು ನಡೆಸುತ್ತಿತ್ತು. ಪ್ರೌಢಶಾಲೆಯ ನಂತರ ಅವರೂ ಕೆಲಕಾಲ ಅಲ್ಲಿ ಪಾಠ ಹೇಳಿದರು. ಗಣಿತದ ಅಧ್ಯಾಪಕರಾಗುವ ಉದ್ದೇಶದಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದ ಅವರ ಆಸಕ್ತಿಯು ಅಲ್ಲಿ ಕ್ರಮೇಣ ಗಣಕ ವಿಜ್ಞಾನದ ಕಡೆಗೆ ತಿರುಗಿತು.

ಕಡ್ಡಾಯ ಸೇನಾ ಸೇವೆಯ ಹೊಣೆಯನ್ನು ಪೂರೈಸುವ ಸಲುವಾಗಿ ಅವರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾದರು. 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಕಂಪೈಲರ್‌ಗಳು ಪ್ರೋಗ್ರಾಮೊಂದನ್ನು ಸಮಗ್ರವಾಗಿ ವಿಶ್ಲೇಷಿಸಿ ಹೆಚ್ಚು ದಕ್ಷವಾಗಿಸುವ ವಿಧಾನವು ಅವರ ಸಂಶೋಧನೆಯ ವಿಷಯವಾಗಿತ್ತು. ಈ ಕುರಿತು 1973ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು ದತ್ತಾಂಶ ಹರಿವಿನ ವಿಶ್ಲೇಷಣೆಗೆ ಗಣಿತದ ಅಡಿಪಾಯವನ್ನು ಒದಗಿಸಿತು. ಕಂಪೈಲರ್ ವಿನ್ಯಾಸದ ಪಠ್ಯಗಳಲ್ಲಿ ಅದು ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಇಂಟೆಲ್ ಮತ್ತು ಪಿಎಲ್/ಎಂ

1971ರಲ್ಲಿ ಇಂಟೆಲ್ ಸಂಸ್ಥೆಯು 4004 ಎಂಬ ಮೈಕ್ರೋಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಕಿಲ್ಡಾಲ್ ಅವರು ಈ ಚಿಪ್ಪಿಗಾಗಿ ಪ್ರಾಯೋಗಿಕ ಪ್ರೋಗ್ರಾಮುಗಳನ್ನು ಬರೆಯಲು ತೊಡಗಿದರು. ಬಳಿಕ ಇಂಟೆಲ್‌ಗೆ ಸಲಹೆಗಾರರಾಗಿ, ಬಿಡುವಿನ ದಿನಗಳಲ್ಲಿ ಆ ಸಂಸ್ಥೆಗಾಗಿ ಕೆಲಸ ಮಾಡಿದರು. ಆ ಕಾಲದಲ್ಲಿ ಮೈಕ್ರೋಪ್ರೊಸೆಸರನ್ನು ಸಾಮಾನ್ಯವಾಗಿ ಯಂತ್ರೋಪಕರಣಗಳ ನಿಯಂತ್ರಣಕ್ಕೆ ಒದಗುವ ಬಿಡಿಭಾಗವೆಂದು ಭಾವಿಸಲಾಗುತ್ತಿತ್ತು. ಅದನ್ನು ಪೂರ್ಣ ಪ್ರಮಾಣದ ಗಣಕವಾಗಿ ಬಳಸಬಹುದೆಂದು ಕಿಲ್ಡಾಲ್ ಕಂಡುಕೊಂಡಿದ್ದರು. 1973ರಲ್ಲಿ ಅವರು 8008 ಪ್ರೊಸೆಸರಿಗಾಗಿ ಪಿಎಲ್/ಎಂ ಎಂಬ ಉನ್ನತ ಸ್ತರದ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು.

ಸಿಪಿ/ಎಂನ ರಚನೆ

1970ರ ದಶಕದ ಆರಂಭದಲ್ಲಿ ಫ್ಲಾಪಿ ಡಿಸ್ಕ್ ಹೊಸ ಸಾಧನವಾಗಿತ್ತು. ಕಿಲ್ಡಾಲ್ ಅವರಿಗೆ ಶುಗಾರ್ಟ್ ಸಂಸ್ಥೆಯ ಡಿಸ್ಕ್ ಡ್ರೈವ್ ಒಂದು ದೊರೆತಿತ್ತು. ಅದನ್ನು ಇಂಟೆಲ್‌ನ ಅಭಿವೃದ್ಧಿ ಯಂತ್ರಕ್ಕೆ ಜೋಡಿಸಲು ಬೇಕಾದ ನಿಯಂತ್ರಕ ಮಂಡಲವನ್ನು ಅವರ ಸ್ನೇಹಿತ ಜಾನ್ ಟೊರೋಡ್ ನಿರ್ಮಿಸಿದರು. ಡಿಸ್ಕಿನ ಮೇಲೆ ಕಡತಗಳನ್ನು ಇರಿಸಿ, ಹುಡುಕಿ, ತೆರೆಯುವ ವ್ಯವಸ್ಥೆಯನ್ನು ಕಿಲ್ಡಾಲ್ 1974ರಲ್ಲಿ ಪಿಎಲ್/ಎಂ ಭಾಷೆಯಲ್ಲಿ ಬರೆದರು. ಅದುವೇ ಸಿಪಿ/ಎಂ. ಇಂಟೆಲ್ ಸಂಸ್ಥೆಯು ಪಿಎಲ್/ಎಂ ಭಾಷೆಯನ್ನು ತನ್ನದಾಗಿಸಿಕೊಂಡಿತಾದರೂ ಸಿಪಿ/ಎಂನಲ್ಲಿ ಆಸಕ್ತಿ ತೋರಲಿಲ್ಲ. ಆಗ ಕಿಲ್ಡಾಲ್ ದಂಪತಿ ತಮ್ಮದೇ ಸಂಸ್ಥೆಯ ಮೂಲಕ ಅದನ್ನು ಮಾರಾಟ ಮಾಡಲು ನಿರ್ಧರಿಸಿದರು. ಮಾಂಟೆರೆಯ ಸಮೀಪದ ಪೆಸಿಫಿಕ್ ಗ್ರೋವ್ ಪಟ್ಟಣವು ಸಂಸ್ಥೆಯ ಕೇಂದ್ರವಾಯಿತು. ವ್ಯವಹಾರದ ಹೊಣೆಯನ್ನು ಡೊರೊತಿ ವಹಿಸಿಕೊಂಡರು.

ಹೊಸ ಹೊಸ ಯಂತ್ರಗಳಿಗೆ ಸಿಪಿ/ಎಂ ಅನ್ನು ಹೊಂದಿಸುವಾಗ ಪ್ರತಿ ಸಲವೂ ತಂತ್ರಾಂಶದ ಹಲವು ಭಾಗಗಳನ್ನು ತಿದ್ದಬೇಕಾಗುತ್ತಿತ್ತು. ಐಎಂಎಸ್‌ಎಐ ಎಂಬ ಗಣಕ ತಯಾರಕ ಸಂಸ್ಥೆಗಾಗಿ ಕೆಲಸ ಮಾಡುವಾಗ ಕಿಲ್ಡಾಲ್ ಅವರು ಯಂತ್ರವನ್ನು ಅವಲಂಬಿಸಿದ ಭಾಗವನ್ನೆಲ್ಲ ಬೇರ್ಪಡಿಸಿ ಒಂದೆಡೆ ಇರಿಸಿದರು. ಈ ಭಾಗಕ್ಕೆ ಬಯೋಸ್ ಎಂದು ಹೆಸರಾಯಿತು. ಅಂದಿನಿಂದ ಹೊಸ ಯಂತ್ರಕ್ಕೆ ಬಯೋಸ್ ಒಂದನ್ನು ಬರೆದರೆ ಸಾಕಾಯಿತು. ಉಳಿದ ವ್ಯವಸ್ಥೆಯೂ ಅದರ ಮೇಲೆ ನಡೆಯುವ ಪ್ರೋಗ್ರಾಮುಗಳೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತಿದ್ದವು. ವರ್ಡ್‌ಸ್ಟಾರ್, ಡಿಬೇಸ್ 2 ಮೊದಲಾದ ತಂತ್ರಾಂಶಗಳು ಹಲವು ತಯಾರಕರ ಯಂತ್ರಗಳನ್ನು ತಲುಪಿದ್ದು ಈ ವ್ಯವಸ್ಥೆಯ ಮೂಲಕ.

ಮೆಮೊರಿಯ ವಿನ್ಯಾಸ ಮತ್ತು 64 ಕಿಲೋಬೈಟ್ ಮಿತಿ

ಸಿಪಿ/ಎಂ ಮುಖ್ಯವಾಗಿ ಇಂಟೆಲ್ 8080 ಮತ್ತು ಅದಕ್ಕೆ ಹೊಂದುವ ಜೈಲಾಗ್ ಝಡ್80 ಪ್ರೊಸೆಸರುಗಳ ಮೇಲೆ ನಡೆಯುತ್ತಿತ್ತು. ಇವುಗಳಲ್ಲಿ ಮೆಮೊರಿಯ ವಿಳಾಸವನ್ನು ಸೂಚಿಸಲು 16 ತಂತಿಗಳಿವೆ. ಪ್ರತಿ ತಂತಿಯೂ ಸೊನ್ನೆ ಅಥವಾ ಒಂದನ್ನು ಮಾತ್ರ ಸೂಚಿಸಬಲ್ಲದು. ಆದ್ದರಿಂದ ಪ್ರೊಸೆಸರ್ ಒಮ್ಮೆಗೆ ಗುರುತಿಸಬಲ್ಲ ಸ್ಥಾನಗಳ ಸಂಖ್ಯೆ 65,536, ಅಂದರೆ 64 ಕಿಲೋಬೈಟ್. ಇದು ಸಿಪಿ/ಎಂ ವಿಧಿಸಿದ ಮಿತಿಯಲ್ಲ. ಅದೇ ಪ್ರೊಸೆಸರಿನ ಮೇಲೆ ಬೇರಾವ ವ್ಯವಸ್ಥೆಯನ್ನು ನಡೆಸಿದರೂ ಒಮ್ಮೆಗೆ ಎಟುಕುವ ಮೆಮೊರಿ ಅಷ್ಟೇ.

ಈ ಇಕ್ಕಟ್ಟಾದ ಜಾಗವನ್ನು ಹಂಚಿಕೊಡುವುದರಲ್ಲಿ ಕಿಲ್ಡಾಲ್ ಅವರ ವಿನ್ಯಾಸದ ಮಿತವ್ಯಯವು ಕಾಣುತ್ತದೆ. ಮೆಮೊರಿಯ ಮೊದಲ 256 ಬೈಟ್‌ಗಳನ್ನು ವ್ಯವಸ್ಥೆಗೂ ಪ್ರೋಗ್ರಾಮಿಗೂ ನಡುವಣ ಸಂಪರ್ಕಕ್ಕೆ ಮೀಸಲಿಡಲಾಗಿತ್ತು. ಬಳಕೆದಾರರ ಪ್ರೋಗ್ರಾಮು ಯಾವಾಗಲೂ 256ನೆಯ ವಿಳಾಸದಿಂದ ಆರಂಭವಾಗುತ್ತಿತ್ತು. ಕಾರ್ಯಾಚರಣ ವ್ಯವಸ್ಥೆಯು ಮೆಮೊರಿಯ ಮೇಲಿನ ತುದಿಯಲ್ಲಿ ನೆಲೆಸುತ್ತಿತ್ತು. ಎರಡನೆಯ ಆವೃತ್ತಿಯಲ್ಲಿ ಆದೇಶಗಳನ್ನು ಓದುವ ಭಾಗವು 2 ಕಿಲೋಬೈಟ್‌ಗಳನ್ನೂ, ಕಡತಗಳನ್ನು ನಿರ್ವಹಿಸುವ ಭಾಗವು 3.5 ಕಿಲೋಬೈಟ್‌ಗಳನ್ನೂ ಬಳಸುತ್ತಿದ್ದವು. ಬಯೋಸ್‌ನ ಗಾತ್ರವು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತಿತ್ತು. ಹೆಚ್ಚು ಜಾಗ ಬೇಕಾದ ಪ್ರೋಗ್ರಾಮು ಆದೇಶಗಳನ್ನು ಓದುವ ಭಾಗದ ಮೇಲೆಯೇ ಬರೆದುಕೊಳ್ಳಬಹುದಾಗಿತ್ತು. ಪ್ರೋಗ್ರಾಮು ಮುಗಿದ ಬಳಿಕ ಆ ಭಾಗವನ್ನು ಡಿಸ್ಕಿನಿಂದ ಮತ್ತೆ ತುಂಬಿಕೊಳ್ಳಲಾಗುತ್ತಿತ್ತು. ಯಂತ್ರದಲ್ಲಿರುವ ಮೆಮೊರಿಯ ಪ್ರಮಾಣಕ್ಕೆ ತಕ್ಕಂತೆ ಇಡೀ ವ್ಯವಸ್ಥೆಯನ್ನು ಸ್ಥಳಾಂತರಿಸಲು ಪ್ರತ್ಯೇಕ ಉಪಕರಣವೂ ಇತ್ತು.

64 ಕಿಲೋಬೈಟ್‌ಗಿಂತ ಹೆಚ್ಚು ಮೆಮೊರಿಯನ್ನು ಸಿಪಿ/ಎಂ ಬಳಸಲಾರದೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಮೆಮೊರಿಯನ್ನು ಹಲವು ಕಟ್ಟುಗಳಾಗಿ ವಿಂಗಡಿಸಿ, ಬೇಕಾದಾಗ ಬೇಕಾದ ಕಟ್ಟನ್ನು ಪ್ರೊಸೆಸರಿನ ಎದುರಿಗೆ ತರುವ ಬ್ಯಾಂಕ್ ಸ್ವಿಚಿಂಗ್ ಎಂಬ ವಿಧಾನವಿದೆ. ಒಂದೇ ಯಂತ್ರವನ್ನು ಹಲವರು ಬಳಸಲು ರೂಪಿಸಿದ ಎಂಪಿ/ಎಂ ಮತ್ತು 1983ರಲ್ಲಿ ಬಳಕೆಗೆ ಬಂದ ಸಿಪಿ/ಎಂ ಪ್ಲಸ್ ಈ ವಿಧಾನವನ್ನು ಅಳವಡಿಸಿಕೊಂಡವು. 128 ಕಿಲೋಬೈಟ್ ಮೆಮೊರಿಯಿದ್ದ ಆ್ಯಮ್‌ಸ್ಟ್ರಾಡ್ ಸಿಪಿಸಿ 6128 ಯಂತ್ರದಲ್ಲಿ ಸಿಪಿ/ಎಂ ಪ್ಲಸ್ ನಡೆಯುತ್ತಿತ್ತು. ಒಂದು ಕ್ಷಣದಲ್ಲಿ ಪ್ರೊಸೆಸರಿಗೆ ಕಾಣುವ ಮೆಮೊರಿ ಬೇರೆ, ಯಂತ್ರದಲ್ಲಿ ಅಳವಡಿಸಿರುವ ಒಟ್ಟು ಮೆಮೊರಿ ಬೇರೆ ಎಂಬ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ.

ಐಬಿಎಂ ಪ್ರಕರಣ

1980ರಲ್ಲಿ ಐಬಿಎಂ ಸಂಸ್ಥೆಯು ತನ್ನ ವೈಯಕ್ತಿಕ ಗಣಕಕ್ಕೆ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕುತ್ತಾ ಡಿಜಿಟಲ್ ರಿಸರ್ಚ್ ಸಂಸ್ಥೆಗೆ ಭೇಟಿ ನೀಡಿತು. ಆ ದಿನ ಕಿಲ್ಡಾಲ್ ಅವರು ವಿನೋದಕ್ಕಾಗಿ ವಿಮಾನ ಹಾರಿಸಲು ಹೋಗಿದ್ದರೆಂಬ ಕಥೆಯು ಬಹುಕಾಲ ಪ್ರಚಾರದಲ್ಲಿತ್ತು. ವಾಸ್ತವದಲ್ಲಿ ಅವರು ಗ್ರಾಹಕರೊಬ್ಬರನ್ನು ಕಾಣಲು ತಮ್ಮ ವಿಮಾನದಲ್ಲಿ ವ್ಯವಹಾರದ ನಿಮಿತ್ತ ಪ್ರಯಾಣ ಬೆಳೆಸಿದ್ದರು. ಐಬಿಎಂ ಮುಂದಿಟ್ಟ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಲು ಡೊರೊತಿ ಅವರು ಹಿಂಜರಿದರು. ಅಂದು ಮಧ್ಯಾಹ್ನ ಕಿಲ್ಡಾಲ್ ಮಾತುಕತೆಯಲ್ಲಿ ಭಾಗವಹಿಸಿದರೇ ಎಂಬ ವಿಷಯದಲ್ಲಿ ಅಲ್ಲಿದ್ದವರ ನೆನಪುಗಳು ಒಂದಕ್ಕೊಂದು ಹೊಂದುವುದಿಲ್ಲ. ಒಪ್ಪಂದವಂತೂ ಏರ್ಪಡಲಿಲ್ಲ.

ಐಬಿಎಂ ಬಳಿಕ ಮೈಕ್ರೋಸಾಫ್ಟ್ ಕಡೆಗೆ ತಿರುಗಿತು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಸಂಸ್ಥೆಯಲ್ಲಿ ಟಿಮ್ ಪ್ಯಾಟರ್ಸನ್ ಅವರು 8086 ಪ್ರೊಸೆಸರಿಗಾಗಿ ರಚಿಸಿದ್ದ 86-ಡಾಸ್ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಸಿಪಿ/ಎಂ ಪ್ರೋಗ್ರಾಮುಗಳನ್ನು ಸುಲಭವಾಗಿ ಮಾರ್ಪಡಿಸಿಕೊಳ್ಳಲು ಆಗುವಂತೆ ಅದರ ಸೇವಾ ಕರೆಗಳು ಸಿಪಿ/ಎಂನ ಕ್ರಮವನ್ನೇ ಅನುಸರಿಸಿದ್ದವು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಿಡುಗಡೆಯಾಯಿತು. ಹೋಲಿಕೆಯನ್ನು ಕುರಿತು ಕಿಲ್ಡಾಲ್ ಆಕ್ಷೇಪಿಸಿದ ಮೇಲೆ ಸಿಪಿ/ಎಂ-86 ಅನ್ನೂ ಮಾರಾಟ ಮಾಡಲು ಐಬಿಎಂ ಒಪ್ಪಿತು. ಆದರೆ ಪಿಸಿ ಡಾಸ್ 40 ಡಾಲರಿಗೆ ದೊರೆಯುತ್ತಿದ್ದರೆ ಸಿಪಿ/ಎಂ-86ರ ಬೆಲೆ 240 ಡಾಲರ್ ಆಗಿತ್ತು. ಕೊಳ್ಳುವವರಲ್ಲಿ ಬಹುತೇಕರು ಅಗ್ಗವಾದದ್ದನ್ನೇ ಆಯ್ದುಕೊಂಡರು.

640 ಕಿಲೋಬೈಟ್ ಮಿತಿಯ ಬಗೆಗಿನ ತಪ್ಪು ಕಲ್ಪನೆ

ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8088 ಪ್ರೊಸೆಸರಿಗೆ 20 ವಿಳಾಸ ತಂತಿಗಳಿದ್ದವು. ಅದರ ವಿಳಾಸ ವ್ಯಾಪ್ತಿ 10,48,576 ಬೈಟ್, ಅಂದರೆ 1 ಮೆಗಾಬೈಟ್. ಈ ವ್ಯಾಪ್ತಿಯ ಮೇಲಿನ 384 ಕಿಲೋಬೈಟ್‌ಗಳನ್ನು ಐಬಿಎಂನ ವಿನ್ಯಾಸಕಾರರು ಪರದೆಯ ಮೆಮೊರಿ, ವಿಸ್ತರಣಾ ಕಾರ್ಡುಗಳು ಮತ್ತು ಯಂತ್ರದ ಸ್ಥಿರ ಮೆಮೊರಿಗೆ ಮೀಸಲಿಟ್ಟರು. ಪ್ರೋಗ್ರಾಮುಗಳಿಗೆ ಕೆಳಗಿನ 640 ಕಿಲೋಬೈಟ್‌ಗಳು ಉಳಿದವು. ಕಾಲಾನಂತರದಲ್ಲಿ ಇದು ಡಾಸ್‌ನ ಮಿತಿಯೆಂದೇ ಹೆಸರಾಯಿತು. ಅಷ್ಟು ಮೆಮೊರಿ ಎಲ್ಲರಿಗೂ ಸಾಕೆಂಬ ಅರ್ಥದ ಮಾತೊಂದನ್ನು ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಅವರ ಹೆಸರಿಗೆ ಹಚ್ಚಲಾಗಿದೆ. ಅವರು ಅದನ್ನು ನಿರಾಕರಿಸಿದ್ದಾರೆ. ಅದಕ್ಕೆ ವಿಶ್ವಾಸಾರ್ಹ ಮೂಲವೂ ದೊರೆತಿಲ್ಲ.

ಈ ಮಿತಿಯು ಡಾಸ್‌ನದಲ್ಲ ಎಂಬುದಕ್ಕೆ ವಿಕ್ಟರ್ 9000 ಯಂತ್ರವು ನಿದರ್ಶನ. ಅದರಲ್ಲಿಯೂ 8088 ಪ್ರೊಸೆಸರೇ ಇತ್ತು. ಸಿಪಿ/ಎಂ-86 ಹಾಗೂ ಎಂಎಸ್-ಡಾಸ್ ಎರಡೂ ಅದರ ಮೇಲೆ ನಡೆಯುತ್ತಿದ್ದವು. ಆದರೆ ಮೆಮೊರಿಯ ನಕ್ಷೆ ಐಬಿಎಂ ಯಂತ್ರದಂತಿರಲಿಲ್ಲವಾದ್ದರಿಂದ ಅದರಲ್ಲಿ 896 ಕಿಲೋಬೈಟ್‌ವರೆಗೆ ಮೆಮೊರಿಯನ್ನು ಅಳವಡಿಸಬಹುದಾಗಿತ್ತು.

ಡಾಸ್‌ಗೆ ಈ ವಿಷಯದಲ್ಲಿ ಯಾವ ಪಾತ್ರವೂ ಇರಲಿಲ್ಲವೆನ್ನುವುದೂ ಸರಿಯಲ್ಲ. 80286 ಪ್ರೊಸೆಸರ್ 16 ಮೆಗಾಬೈಟ್‌ಗಳನ್ನೂ, 80386 ಪ್ರೊಸೆಸರ್ 4 ಗಿಗಾಬೈಟ್‌ಗಳನ್ನೂ ಗುರುತಿಸಬಲ್ಲವಾಗಿದ್ದವು. ಆದರೂ ಹಳೆಯ ಪ್ರೋಗ್ರಾಮುಗಳು ನಡೆಯಬೇಕೆಂಬ ಕಾರಣದಿಂದ ಡಾಸ್ ಹಿಂದಿನ ಪ್ರೊಸೆಸರಿನ ಕ್ರಮದಲ್ಲಿಯೇ ಉಳಿಯಿತು. ಯಂತ್ರಾಂಶದಲ್ಲಿ ಹುಟ್ಟಿದ ಮಿತಿಯನ್ನು ಹೊಂದಾಣಿಕೆಯ ಅಗತ್ಯವು ಮುಂದುವರಿಸಿತು.

ಡಿಆರ್ ಡಾಸ್

ಡಿಜಿಟಲ್ ರಿಸರ್ಚ್ ಸಂಸ್ಥೆಯು 1988ರಲ್ಲಿ ಎಂಎಸ್-ಡಾಸ್ ಪ್ರೋಗ್ರಾಮುಗಳನ್ನು ನಡೆಸಬಲ್ಲ ಡಿಆರ್ ಡಾಸ್ ಅನ್ನು ಬಿಡುಗಡೆ ಮಾಡಿತು. ಆ ವೇಳೆಗೆ ಕಿಲ್ಡಾಲ್ ಅವರು ಸಂಸ್ಥೆಯ ದೈನಂದಿನ ಆಡಳಿತದಿಂದ ದೂರ ಸರಿದಿದ್ದರು. ಈ ಕಾರ್ಯವನ್ನು ಇಂಗ್ಲೆಂಡಿನ ಹಂಗರ್‌ಫರ್ಡ್‌ನಲ್ಲಿದ್ದ ಸಂಸ್ಥೆಯ ತಂತ್ರಜ್ಞರು ಕೈಗೊಂಡಿದ್ದರು. 1990ರಲ್ಲಿ ಬಂದ 5.0 ಆವೃತ್ತಿಯು ಮೆಮೊರಿ ನಿರ್ವಹಣೆಗೆ ಹೆಸರಾಯಿತು. 80286 ಮತ್ತು ನಂತರದ ಪ್ರೊಸೆಸರುಗಳಲ್ಲಿ ಅದು ತನ್ನ ಬಹುಭಾಗವನ್ನು 1 ಮೆಗಾಬೈಟ್ ಗಡಿಯ ಆಚೆಗಿನ ಸುಮಾರು 64 ಕಿಲೋಬೈಟ್ ಪ್ರದೇಶಕ್ಕೆ ವರ್ಗಾಯಿಸಬಲ್ಲದಾಗಿತ್ತು. 80386 ಯಂತ್ರಗಳಲ್ಲಿ ಸಾಧನ ಚಾಲಕಗಳನ್ನು ಮೀಸಲು ಪ್ರದೇಶದ ಖಾಲಿ ಭಾಗಗಳಲ್ಲಿ ಇರಿಸಲೂ ಅವಕಾಶವಿತ್ತು. ಹೀಗೆ 640 ಕಿಲೋಬೈಟ್‌ನ ಹೆಚ್ಚಿನ ಪಾಲು ಪ್ರೋಗ್ರಾಮುಗಳಿಗೇ ದೊರೆಯಿತು. 1991ರ ಎಂಎಸ್-ಡಾಸ್ 5.0 ಕೂಡ ಇಂತಹ ಸೌಲಭ್ಯಗಳನ್ನು ಒದಗಿಸಿತು. ಅದೇ ವರ್ಷ ಡಿಜಿಟಲ್ ರಿಸರ್ಚ್ ಸಂಸ್ಥೆಯನ್ನು ನೊವೆಲ್ ಕೊಂಡುಕೊಂಡಿತು.

ಇತರ ಕಾರ್ಯಗಳು

ಕಿಲ್ಡಾಲ್ ಅವರು 1980ರ ದಶಕದಲ್ಲಿ ಸ್ಟುವರ್ಟ್ ಶಫೆ ಅವರೊಡನೆ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ದೂರದರ್ಶನ ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಸಿಡಿ-ರಾಮ್ ತಂತ್ರಜ್ಞಾನದ ಆರಂಭದ ದಿನಗಳಲ್ಲಿ ಪ್ರತ್ಯೇಕ ಸಂಸ್ಥೆಯೊಂದನ್ನು ಕಟ್ಟಿದರು. ಗ್ರೋಲಿಯರ್ ವಿಶ್ವಕೋಶವನ್ನು 1985ರಲ್ಲಿ ಸಿಡಿ-ರಾಮ್ ರೂಪದಲ್ಲಿ ಹೊರತಂದದ್ದು ಈ ಸಂಸ್ಥೆಯ ಮುಖ್ಯ ಸಾಧನೆ. ಡಿಜಿಟಲ್ ರಿಸರ್ಚ್ ಸಂಸ್ಥೆಯು ಅದೇ ವರ್ಷ ಜೆಮ್ ಎಂಬ ಚಿತ್ರಾತ್ಮಕ ಪರಿಸರವನ್ನು ಬಿಡುಗಡೆ ಮಾಡಿತು.

ವೈಯಕ್ತಿಕ ಜೀವನ ಮತ್ತು ನಿಧನ

ಗ್ಯಾರಿ ಮತ್ತು ಡೊರೊತಿ ದಂಪತಿಗೆ ಇಬ್ಬರು ಮಕ್ಕಳು. 1980ರ ದಶಕದಲ್ಲಿ ದಂಪತಿ ವಿಚ್ಛೇದನ ಪಡೆದರು. ಸಂಸ್ಥೆಯ ಮಾರಾಟದ ನಂತರ ಕಿಲ್ಡಾಲ್ ಕೆಲಕಾಲ ಟೆಕ್ಸಾಸ್ ರಾಜ್ಯದ ಆಸ್ಟಿನ್ ಸಮೀಪ ವಾಸವಾಗಿದ್ದರು. ವಿಮಾನ ಚಾಲನೆ ಅವರ ಪ್ರಿಯ ಹವ್ಯಾಸವಾಗಿತ್ತು. ಐಬಿಎಂ ಪ್ರಕರಣದ ಕಥೆಯನ್ನೇ ಮತ್ತೆ ಮತ್ತೆ ಕೇಳಬೇಕಾಗಿ ಬಂದದ್ದು ಅವರಿಗೆ ಬೇಸರ ತಂದಿತ್ತು. ಕೊನೆಯ ವರ್ಷಗಳಲ್ಲಿ ಅವರು ಆತ್ಮಕಥನವೊಂದನ್ನು ಬರೆದರಾದರೂ ಅದು ಅವರ ಜೀವಿತಕಾಲದಲ್ಲಿ ಪ್ರಕಟವಾಗಲಿಲ್ಲ; ಅದರ ಒಂದು ಭಾಗವನ್ನು ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2016ರಲ್ಲಿ ಸಾರ್ವಜನಿಕರಿಗೆ ಲಭ್ಯವಾಗಿಸಿತು. 1994ರ ಜುಲೈ ತಿಂಗಳಲ್ಲಿ ಮಾಂಟೆರೆಯಲ್ಲಿ ತಲೆಗೆ ಪೆಟ್ಟಾದ ಕೆಲವು ದಿನಗಳಲ್ಲಿ, ಜುಲೈ 11ರಂದು ಅವರು ನಿಧನರಾದರು. ಆಗ ಅವರ ವಯಸ್ಸು 52.

ಪರಂಪರೆ

ಕಿಲ್ಡಾಲ್ ಅವರ ವಿನ್ಯಾಸದ ಹಲವು ಅಂಶಗಳು ಡಾಸ್ ಮೂಲಕ ಮುಂದಿನ ತಲೆಮಾರಿಗೆ ಹರಿದು ಬಂದವು. ಎಂಟು ಅಕ್ಷರಗಳ ಕಡತದ ಹೆಸರು ಮತ್ತು ಮೂರು ಅಕ್ಷರಗಳ ವಿಸ್ತರಣೆ, ಡ್ರೈವ್‌ಗಳನ್ನು ಅಕ್ಷರಗಳಿಂದ ಗುರುತಿಸುವ ಕ್ರಮ, ಕಾಮ್ ಮಾದರಿಯ ಪ್ರೋಗ್ರಾಮುಗಳು 256ನೆಯ ಸ್ಥಾನದಿಂದ ಆರಂಭವಾಗುವುದು ಇವುಗಳಲ್ಲಿ ಕೆಲವು.

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಈ ಪರಂಪರೆಯ ಪರಿಚಯವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ 8086 ಪ್ರೊಸೆಸರ್ ಬಹುಕಾಲ ಅಧ್ಯಯನದ ವಿಷಯವಾಗಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳನ್ನು ಒಳಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ವಿಶ್ವವಿದ್ಯಾಲಯಕ್ಕೆ ಸೇರಿದ ಎಸ್.ಜೆ.ಸಿ. ತಾಂತ್ರಿಕ ಕಾಲೇಜು ಇದೆ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಪ್ರಯೋಗಾಲಯದಲ್ಲಿ 8086ರ ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವ ವಿದ್ಯಾರ್ಥಿಯು ಪರದೆಯ ಮೇಲೆ ಸಾಲೊಂದನ್ನು ಮೂಡಿಸಲು ಡಾಸ್‌ನ 9ನೆಯ ಸೇವೆಯನ್ನು ಕರೆಯುತ್ತಾನೆ. ಸಾಲಿನ ಕೊನೆಗೆ ಡಾಲರ್ ಚಿಹ್ನೆಯನ್ನು ಇಡುತ್ತಾನೆ. ಆ ಸೇವೆಯ ಸಂಖ್ಯೆಯೂ ಡಾಲರ್ ಚಿಹ್ನೆಯ ನಿಯಮವೂ ಸಿಪಿ/ಎಂನಿಂದ ಬಂದವು.

ಮೆಮೊರಿ ಮಿತಿಯ ಕುರಿತ ಗೊಂದಲವು ಹೊಸ ರೂಪದಲ್ಲಿ ಮುಂದುವರಿದಿದೆ. 32 ಬಿಟ್‌ನ ವಿಂಡೋಸ್ ಇರುವ ಗಣಕದಲ್ಲಿ 4 ಗಿಗಾಬೈಟ್ ಮೆಮೊರಿಯನ್ನು ಅಳವಡಿಸಿದಾಗ ಸುಮಾರು 3ರಿಂದ 3.5 ಗಿಗಾಬೈಟ್ ಮಾತ್ರ ಬಳಕೆಗೆ ದೊರೆಯುವುದುಂಟು. ಉಳಿದುದನ್ನು ಕಾರ್ಯಾಚರಣ ವ್ಯವಸ್ಥೆಯೇ ಬಳಸಿಕೊಂಡಿದೆ ಅಥವಾ ಮೆಮೊರಿ ಕೆಟ್ಟಿದೆ ಎಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ವಿಳಾಸ ವ್ಯಾಪ್ತಿಯ ಒಂದು ಭಾಗವು ಗ್ರಾಫಿಕ್ಸ್ ಕಾರ್ಡ್ ಮೊದಲಾದ ಸಾಧನಗಳಿಗೆ ಮೀಸಲಾಗಿರುತ್ತದೆ. ಐಬಿಎಂ ಪಿಸಿಯ 384 ಕಿಲೋಬೈಟ್ ಮೀಸಲು ಪ್ರದೇಶದ ಸಂಗತಿಯೂ ಇದೇ ಬಗೆಯದು. ಇನ್ನೊಂದೆಡೆ, 1995ರ ಪೆಂಟಿಯಂ ಪ್ರೊ ಪ್ರೊಸೆಸರ್ 36 ಬಿಟ್‌ಗಳ ಭೌತಿಕ ವಿಳಾಸವನ್ನು ಬಳಸಿ 64 ಗಿಗಾಬೈಟ್‌ವರೆಗೆ ಗುರುತಿಸಬಲ್ಲದಾಗಿತ್ತು. ವಿಂಡೋಸ್‌ನ ಕೆಲವು ಸರ್ವರ್ ಆವೃತ್ತಿಗಳು ಈ ಅನುಕೂಲವನ್ನು ಬಳಸಿಕೊಂಡರೂ ಸಾಮಾನ್ಯ ಬಳಕೆಯ 32 ಬಿಟ್ ಆವೃತ್ತಿಗಳು 4 ಗಿಗಾಬೈಟ್ ಗಡಿಯೊಳಗೇ ಉಳಿದವು. ಅಲ್ಲಿ ಮಿತಿಯನ್ನು ವಿಧಿಸಿದ್ದು ತಂತ್ರಾಂಶವೇ. ಆದ್ದರಿಂದ ಯಾವುದೇ ಮೆಮೊರಿ ಮಿತಿಯ ಕಾರಣವನ್ನು ತಿಳಿಯಲು ಪ್ರೊಸೆಸರಿನ ವಿಳಾಸ ಸಾಮರ್ಥ್ಯ, ಯಂತ್ರದ ಮೆಮೊರಿ ನಕ್ಷೆ ಮತ್ತು ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ ಈ ಮೂರನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.

ಗೌರವಗಳು

ಕಿಲ್ಡಾಲ್ ಅವರ ಕೊಡುಗೆಗೆ ಸಾರ್ವಜನಿಕ ಮನ್ನಣೆಯು ಹೆಚ್ಚಾಗಿ ಅವರ ನಿಧನಾನಂತರವೇ ದೊರೆಯಿತು. 1995ರಲ್ಲಿ ಅಮೆರಿಕದ ತಂತ್ರಾಂಶ ಪ್ರಕಾಶಕರ ಸಂಘವು ಮರಣೋತ್ತರವಾಗಿ ಅವರನ್ನು ಗೌರವಿಸಿತು. 2014ರಲ್ಲಿ ಐಇಇಇ ಸಂಸ್ಥೆಯು ಸಿಪಿ/ಎಂನ ರಚನೆಯನ್ನು ಎಂಜಿನಿಯರಿಂಗ್ ಇತಿಹಾಸದ ಮೈಲಿಗಲ್ಲೆಂದು ಗುರುತಿಸಿ, ಪೆಸಿಫಿಕ್ ಗ್ರೋವ್‌ನಲ್ಲಿ ಡಿಜಿಟಲ್ ರಿಸರ್ಚ್ ಸಂಸ್ಥೆಯಿದ್ದ ಕಟ್ಟಡದ ಎದುರು ಸ್ಮಾರಕ ಫಲಕವನ್ನು ಸ್ಥಾಪಿಸಿತು.